ಆಳು ಬೇಕೋ, ಕೈ ಬೇಕೋ

ಕ್ರಿಕೆಟ್ ಮುದುಕರ ಆಟವಾಗಿ, ಬೇಸ್‌ಬಾಲ್ ಓಣಿಯ ಹುಡುಗರ ಆಟವಾಗಿ ಒಂದು ತಲೆಮಾರೇ ಕಳೆದಿದ್ದ ಕಾಲ ಅದು. ಉಣಕಲ್ ಕೆರೆಯ ಹತ್ತಿರ ಹುಬ್ಬಳ್ಳಿ ಜಂಕ್ಷನ್ ತಂಡದ ಮೈದಾನವಿತ್ತು. ಆ ತಂಡ ಸೋತು ಸೋತು ಎಂಥ ಗತಿಗೆ ಬಂದಿತ್ತೆಂದರೆ ಜನ ಬೈಯುವುದನ್ನೂ ಬಿಟ್ಟಿದ್ದರು. ಬೈಯುವವರಿದ್ದರೆ ತಂಡಕ್ಕೆ ಉಸಿರಿದೆ ಎಂದರ್ಥ. ಈಗ ಮೈದಾನದ ಮೆಟ್ಟಿಲುಗಳ ಮೇಲೆ ಶೇಂಗಾ ಮಾರುವವರೇ ಜನರಿಗಿಂತ ಹೆಚ್ಚಾಗಿ ಕಾಣುತ್ತಿದ್ದರು.

ನೀಲಾಂಬಿಕಾ ಹಂಚಿನಮನಿಯ ಕೆಲಸ ಆಟಗಾರರ ಅದಲುಬದಲು. ಯಾವ ತಂಡಕ್ಕೆ ಏನು ಕೊರತೆ, ನಮ್ಮಲ್ಲಿ ಯಾರನ್ನು ಕೊಟ್ಟರೆ ಅವರಲ್ಲಿ ಯಾರು ಬಂದಾರು ಎಂದು ಲೆಕ್ಕ ಹಾಕಿ, ಮಾತು ಆಡಿ, ಒಪ್ಪಂದಕ್ಕೆ ತರುವುದು. ಗಣಿತದಲ್ಲಿ ಪದವಿ ಪಡೆದ ಹೆಂಗಸು. ಐವತ್ತು ದಾಟಿದ್ದರೂ ಆಟ ನೋಡುವಾಗ ಕಾಲೇಜು ಹುಡುಗಿಯ ಹಾಗೆ ಉಗುರು ಕಚ್ಚುವ ಅಭ್ಯಾಸ ಬಿಟ್ಟಿರಲಿಲ್ಲ. ಆ ವರ್ಷ ಅವಳು ತಂಡದ ಹಿರಿಯರ ಮುಂದೆ ನೇರವಾಗಿ ಹೇಳಿದಳು: "ಈ ವರ್ಷದ ಆಸೆ ಬಿಡ್ರಿ. ಬುನಾದಿಯಿಂದ ಕಟ್ಟೂಣು. ನಮ್ಮ ಹಂತೇಕ ಇರೋ ಒಂದ ಒಂದು ಚಲೋದನ್ನ ಗೆಲ್ಲೋ ತಂಡಕ್ಕ ಕೊಟ್ಟು, ಎಳೇ ಹುಡುಗ್ರನ್ನ ತರೂಣು."

ಆ ಒಂದೇ ಒಂದು ಚಲೋದು ದಾವಲ್ ನದಾಫ್.

ದಾವಲ್ ಕ್ಯಾಚರ್. ಚೆಂಡು ಎಸೆಯುವವನು ಪಿಚರ್. ದಾಂಡಿಗನ ಬೆನ್ನಿಗೆ ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವನು ಕ್ಯಾಚರ್. ಹಿಡಿಯುವುದು ಅರ್ಧ ಕೆಲಸ. ಮುಂದಿನ ಚೆಂಡು ಎಂಥದ್ದಾಗಬೇಕೆಂದು ತೊಡೆಗಳ ಸಂದಿಯಲ್ಲಿ ಬೆರಳು ಆಡಿಸಿ ಪಿಚರ್‌ಗೆ ಹೇಳುವುದು ಉಳಿದರ್ಧ. ಈ ಎರಡನೆಯದರಲ್ಲಿ ದಾವಲ್‌ನ ಸಮಕ್ಕೆ ನಿಲ್ಲುವವರು ಯಾರೂ ಇರಲಿಲ್ಲ.

ಇನ್ನು ಕಡಗೋಲಿನ ಸಂಗತಿ ಹೇಳಬೇಕು. ಮೊದಲೆಲ್ಲ ತಂಡಗಳು ಆಟಗಾರರನ್ನೇ ಬದಲಾಯಿಸಿಕೊಳ್ಳುತ್ತಿದ್ದವು. ಇವತ್ತು ಹುಬ್ಬಳ್ಳಿಯಲ್ಲಿದ್ದವನು ನಾಳೆ ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ. ಹೆಂಡತಿಯ ನೌಕರಿ, ಮಕ್ಕಳ ಶಾಲೆ ಎಲ್ಲ ಚೆಲ್ಲಾಪಿಲ್ಲಿ. ಆಮೇಲೆ ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಆ ಯಂತ್ರ ಬಂತು. ಕೈ ರೂಢಿಸಿಕೊಂಡದ್ದೆಲ್ಲ ಹಿಮ್ಮೆದುಳಿನಲ್ಲಿ ಒಂದು ಹೆಣಿಗೆಯ ಹಾಗೆ ಕೂತಿರುತ್ತದೆ. ಯಂತ್ರ ಆ ಹೆಣಿಗೆಯನ್ನು ಎಳೆ ಎಳೆಯಾಗಿ ಓದಿ, ಇನ್ನೊಬ್ಬನ ತಲೆಯಲ್ಲಿ ಅದೇ ರೀತಿ ಹೆಣೆಯುತ್ತದೆ. ಮೊಸರಿನಿಂದ ಬೆಣ್ಣೆ ತೆಗೆದ ಹಾಗೆ ಮನುಷ್ಯನಿಂದ ಆಟ ತೆಗೆಯುವುದರಿಂದ ಜನ ಅದಕ್ಕೆ ಕಡಗೋಲು ಎಂದೇ ಹೆಸರಿಟ್ಟರು. ಒಂದೇ ತೊಡಕು. ಸ್ವೆಟರಿನ ಹೆಣಿಗೆ ಪೂರ್ತಿ ತಿಳಿಯಬೇಕಾದರೆ ಬಿಚ್ಚುತ್ತ ಹೋಗಬೇಕು. ಇದೂ ಹಾಗೆಯೇ. ಓದಿ ಮುಗಿಯುವಷ್ಟರಲ್ಲಿ ಕೊಟ್ಟವನ ತಲೆಯಲ್ಲಿ ಆ ಜಾಗ ಬರಿದಾಗಿರುತ್ತಿತ್ತು. ಆದರೂ ಕಡಗೋಲನ್ನು ದಯೆಯ ಯಂತ್ರ ಎಂದೇ ಎಲ್ಲರೂ ನಂಬಿದ್ದರು. ಆಟ ಹೋಗುತ್ತದೆ, ಮನುಷ್ಯ ಮನೆಯಲ್ಲೇ ಉಳಿಯುತ್ತಾನೆ.

ಅಗ್ರಸ್ಥಾನದಲ್ಲಿದ್ದದ್ದು ಮಂಗಳೂರು ಬಿರುಗಾಳಿ ತಂಡ. ಅವರ ಅದಲುಬದಲು ನೋಡುವವರು ಕರುಣಾಕರ ರೈ. ನೀಲಾಂಬಿಕಾ ಪರದೆಯ ಮೇಲೆ ಅವರನ್ನು ಕರೆದಳು.

"ಎಂತ ಮೇಡಂ, ನಿಮ್ಮಲ್ಲಿ ಸೆಖೆ ಹೇಗುಂಟು?"

"ಸೆಖಿ ಇರ್ಲಿ ಬಿಡ್ರಿ ರೈ ಅವ್ರ. ನಿಮ್ಮ ಕ್ಯಾಚರ್‌ನ ಮೊಣಕಾಲು ಹ್ಯಾಂಗೈತಿ?"

ರೈ ನಕ್ಕುಬಿಟ್ಟರು. "ನೇರ ಅಲ್ಲಿಗೇ ಬಂದ್ರಲ್ಲ ಮಾರಾಯ್ರೆ! ಹೋಯ್ತು ಮೊಣಕಾಲು. ಅವನಿನ್ನು ಕೂತ್ರೆ ಏಳ್ಲಿಕ್ಕಿಲ್ಲ. ಜೋಯ್ಸನ್ ಅಂತ ಒಬ್ಬ ಹುಡುಗ ಇದ್ದಾನೆ, ಮೈ ಗಟ್ಟಿ, ಆದ್ರೆ ಕೈ ಇನ್ನೂ ಹಸಿ."

"ನಮ್ಮ ದಾವಲ್‌ನ ಕೊಡ್ತೀನಿ. ನಿಮ್ಮ ಕಿರಿಯರ ತಂಡದಾಗಿನ ಆ ಇಬ್ರು ಪಿಚರ್ ಹುಡುಗ್ರು ನಮಗ ಬೇಕು. ಮುಂದಿನ ವರ್ಷ ಹೊಸ ಹುಡುಗ್ರನ್ನ ಆರಿಸೋವಾಗ ನಿಮ್ಮ ಮೊದಲನೇ ಪಾಳಿನೂ ನಮಗ."

"ಅಷ್ಟು ಕೊಟ್ರೆ ಮುಂದಿನ ವರ್ಷ ನಮಗೆ ಗಂಜಿಯೇ ಗತಿ."

"ಈ ವರ್ಷ ಕಪ್ ಗೆದ್ರ, ಮುಂದಿನ ವರ್ಷ ಗಂಜಿ ಉಂಡ್ರೂ ನಿಮ್ಮ ಮಂದಿ ನಿಮ್ಮನ್ನ ಹೊತ್ಕೊಂಡು ಕುಣೀತಾರ."

ರೈ ಗಲ್ಲ ಕೆರೆದುಕೊಂಡರು. ಹಿಂದೆ ಯಾರನ್ನೋ ನೋಡಿದರು. ಬಳಿಕ, "ಆಯ್ತು. ಆಳೋ, ಕೈಯೋ?" ಎಂದರು. ಈ ವ್ಯವಹಾರದ ರೂಢಿಯ ಪ್ರಶ್ನೆ ಅದು. "ನಮಗೆ ಯಾವುದಾದ್ರೂ ಆದೀತು. ಆಳೇ ಬಂದ್ರೆ ಮಿಷನಿನ ರಗಳೆ ಇಲ್ಲ. ಎರಡು ವರ್ಷ ಆಡಿ ವಾಪಸ್ ಹೋಗ್ಲಿ. ಕೈ ಕೊಟ್ರೆ ಜೋಯ್ಸನ್‌ಗೆ ಹಾಕಿಸ್ತೇವೆ. ಅವರನ್ನೇ ಕೇಳಿ."

ಆ ಸಂಜೆಯೇ ಅವಳು ಹಳೇ ಹುಬ್ಬಳ್ಳಿಗೆ ಹೋದಳು.

ನದಾಫರ ಮನೆಯ ಮುಂಗೋಣೆ ಮೊದಲಿನಿಂದಲೂ ಗಾದಿ ಹೊಲಿಯುವ ಅಂಗಡಿ. ದಾವಲ್‌ನ ತಂದೆ ತೀರಿಕೊಂಡು ವರ್ಷಗಳಾಗಿದ್ದರೂ ಅಂಗಡಿ ನಿಂತಿರಲಿಲ್ಲ. ತಾಯಿ ಹುಸೇನಬಿ ದಿಂಬು ಹೊಲಿಯುತ್ತ ಕೂತಿದ್ದಳು. ಬಾಗಿಲಿಂದ ಬಂದ ಬಿಸಿಲಲ್ಲಿ ಹತ್ತಿಯ ಎಳೆಗಳು ತೇಲುತ್ತಿದ್ದವು. ಹುಸೇನಬಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತು ಬಾರದು. ಶಾಲೆಯ ಮುಖ ನೋಡಿದವಳಲ್ಲ, ಓದುಬರಹವಿಲ್ಲ. ನೀಲಾಂಬಿಕಾ ಎರಡು ಬೆರಳು ಕನ್ನಡಕಕ್ಕೆ ತಾಗಿಸಿದಳು. ಈ ಮನೆಯಲ್ಲಿ ಅವಳ ಹೆಸರು ಅದು. ಮುದುಕಿ ಮುಖವರಳಿಸಿ ಎದ್ದು ಅವಳನ್ನು ಗೋಡೆಗೊರಗಿಸಿ ಕೂರಿಸಿದಳು. ನೀಲಾಂಬಿಕಾ ಕೂತ ರೀತಿಯಲ್ಲೇ ಏನು ಕಂಡಳೋ, ಒಳಗೆ ಹೋಗಿ ಒಂದು ಪುಟ್ಟ ದಿಂಬು ತಂದು ಅವಳ ಸೊಂಟದ ಹಿಂದೆ ಸರಿಯಾದ ಜಾಗಕ್ಕೆ ತುರುಕಿದಳು. ಇಡೀ ದಿನ ಕುರ್ಚಿಯಲ್ಲಿ ಕೂತ ನೋವು ಅಲ್ಲೇ ಇತ್ತು. ಕಚೇರಿಯಲ್ಲಿ ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕಂಡವರಲ್ಲ.

ದಾವಲ್ ಒಳಗಿನಿಂದ ಬಂದ. ತಾಯಿ ಅವನ ಕಡೆ ಬೆರಳು ಕೂಡಿಸಿ ಬಾಯಿಗೆ ಒಯ್ದು, ಮಣಿಕಟ್ಟು ಹೊರಳಿಸಿ ತೊಡೆ ತಟ್ಟಿದಳು. ಅವನು ಅಷ್ಟೇ ಬೇಗ ಏನೋ ಉತ್ತರಿಸಿದ.

"ಏನಂತ?" ಎಂದು ನೀಲಾಂಬಿಕಾ ಕೇಳಿದಳು.

"ಉಂಡ್ಯಾ, ಖರೇ ಹೇಳು ಅಂತಾಳ. ದಿನಾ ಇದ. ಉಂಡೀನಿ ಅಂದ್ರ ನಂಬಂಗಿಲ್ಲ."

ಆ ಕೈಮಾತಿಗೆ ಹೆಸರಿರಲಿಲ್ಲ. ಕಿವುಡರ ಶಾಲೆಗಳಲ್ಲಿ ಕಲಿಸುವಂಥದ್ದಲ್ಲ. ದಾವಲ್ ಅಂಬೆಗಾಲಿಡುವಾಗ ತಾಯಿ ಮಗ ಸೇರಿ ತಾವೇ ಕಟ್ಟಿಕೊಂಡದ್ದು. ಅದನ್ನು ಪೂರ್ತಿ ಬಲ್ಲವರು ಲೋಕದಲ್ಲಿ ಇಬ್ಬರೇ. ಹೆಂಡತಿ ನಸೀಮಾಗೆ ಅಡುಗೆಮನೆಗೆ ಬೇಕಾದಷ್ಟು ಬರುತ್ತಿತ್ತು. ಜಂಕ್ಷನ್ ತಂಡದ ಪಿಚರುಗಳಿಗೂ ಒಂದಿಷ್ಟು ಬರುತ್ತಿತ್ತು, ಯಾಕೆಂದರೆ ದಾವಲ್ ಆಟದಲ್ಲಿ ಬೆರಳಾಡಿಸುತ್ತಿದ್ದದ್ದು ಇದೇ ಮಾತಿನಲ್ಲಿ. ಚೆಂಡು ದಾಂಡಿಗನ ಮೈಗೆ ಒತ್ತಿ ಬರಬೇಕಾದರೆ "ಬಾಗಲಾ ಹಾಕು". ಮೇಲೆದ್ದು ಬರಬೇಕಾದರೆ "ಹಾಲು ಉಕ್ಕಿತು". ಮೋಸದ ನಿಧಾನ ಚೆಂಡಿಗೆ "ಬೆಕ್ಕು ಬಂತು". ಬೇರೆ ತಂಡದವರು ಎಷ್ಟು ತಿಣುಕಿದರೂ ಈ ಗುಟ್ಟು ಬಿಡಿಸಲಾಗಿರಲಿಲ್ಲ. ಅವನಿಗೆ ಎದುರಾಗಿ ಮೈದಾನದ ಮೆಟ್ಟಿಲ ಮೇಲೆ ಕೂತ ಹುಸೇನಬಿ ಮಾತ್ರ ಚೆಂಡು ಕೈಬಿಡುವ ಮುಂಚೆಯೇ ನಗುತ್ತಿದ್ದಳು. ಇದು ಊರಿಗೆಲ್ಲ ಗೊತ್ತಿದ್ದ ತಮಾಷೆ.

"ಅಕ್ಕಾರ, ಸುತ್ತು ಹಾಕಬ್ಯಾಡ್ರಿ," ಎಂದ ದಾವಲ್. "ನನ್ನ ಮಾರಾಕ ಬಂದೀರಿ, ಹೌದಲ್ಲೋ?"

"ಮಾರಾಕಲ್ಲೋ ಮಾರಾಯಾ, ಬದ್ಲಿ ಮಾಡಾಕ. ಇಬ್ರು ಹುಡುಗ್ರು ಬರ್ತಾರ, ಮ್ಯಾಲೊಂದು ಪಾಳಿ."

"ಇಬ್ರಾ!" ಅವನು ತಾಯಿಯ ಕಡೆ ತಿರುಗಿ ಕೈಯಾಡಿಸಿದ. ಹುಸೇನಬಿ ಒಂದು ಹುಬ್ಬು ಏರಿಸಿ ಪಟಪಟನೆ ಏನೋ ಹೇಳಿದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಮೂರು ಮಂದೀನ ಕೇಳು, ಒಬ್ಬಾಂವ ಹೊಲಿಗಿ ಬಲ್ಲಾಂವ ಇರ್ಲಿ ಅಂತಾಳ್ರಿ."

ಆಮೇಲೆ ಮಾತು ಬಿಗಿಯಾಯಿತು. ಎರಡು ವರ್ಷ ಮಂಗಳೂರು ಎಂದ ಕೂಡಲೇ ನಸೀಮಾ ಚಹಾದ ಬಟ್ಟಲು ಕೆಳಗಿಟ್ಟಳು. "ಇವ್ರು ಹೋದ್ರ ಅತ್ತಿ ಜೋಡಿ ಮಾತಾಡೋರು ಯಾರ್ರಿ? ಉಪ್ಪು, ಎಣ್ಣಿ, ನೀರು, ನನ್ನ ಮಾತು ಇಷ್ಟಕ್ಕ ಮುಗೀತು. ಕರ್ಕೊಂಡು ಹೋಗೂಣು ಅಂದ್ರ ಆಕಿ ಈ ಊರು ದಾಟಂಗಿಲ್ಲ. ಒಮ್ಮೆ ಗದಗಿನಾಗ ಕೈ ತಪ್ಪಿಹೋಗಿ, ಯಾರಿಗೂ ಏನೂ ಹೇಳಾಕ ಬರಲಾರದ ಬಸ್‌ಸ್ಟ್ಯಾಂಡಿನಾಗ ಅಳ್ಕೋತ ಕುಂತಿದ್ಲು. ಅಂದಿನಿಂದ ಬಸ್ ಕಂಡ್ರ ನಡುಗ್ತಾಳ."

ತಾಯಿ ಒಬ್ಬರ ಮುಖದಿಂದ ಒಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಿದ್ದಳು.

ಆಗ ನೀಲಾಂಬಿಕಾಳಿಗೆ ಮನಸ್ಸು ಕರಗಿತು. ನಿಜವಾಗಿಯೂ ಕರಗಿತು, ವ್ಯವಹಾರದ ಚತುರತೆ ಅದರಲ್ಲಿ ಎಳ್ಳಷ್ಟೂ ಇರಲಿಲ್ಲ. "ಹಂಗಾದ್ರ ಕೈ ಕೊಟ್ಟುಬಿಡು ದಾವಲ್," ಎಂದಳು. "ಆಟ ಅಷ್ಟ ಹೋಗ್ತೈತಿ. ನೀ ಇಲ್ಲೇ ಇರ್ತಿ. ಹೊಸ ಹುಡುಗ್ರನ್ನ ನೋಡ್ಕೊಳ್ಳೋ ಕೆಲಸ ನಿನಗ ನಾ ಕೊಡಸ್ತೀನಿ. ಅವ್ವನ ಬಿಟ್ಟು ಹೋಗೂದು ಬ್ಯಾಡ."

ಅವನು ಅಂಗೈ ತಿರುವಿ ನೋಡಿಕೊಂಡ. ಚೆಂಡಿನ ಪೆಟ್ಟಿಗೆ ಡೊಂಕಾದ ಬೆರಳುಗಳು. "ಮೊಣಕಾಲು ಹೆಂಗೂ ಹೋಗಾಕ ಬಂದಾವ್ರಿ. ಅವ್ವನ ಕಣ್ಣ ಮುಂದ ಇದ್ರ ನನಗ ಅಷ್ಟ ಸಾಕು. ಆತು, ಕೈ ಒಯ್ಯಲಿ."

ಪ್ರಯೋಗಾಲಯದಲ್ಲಿ ಡಾಕ್ಟರ್ ಪದ್ಮರಾಜ ಉಪಾಧ್ಯೆ ಬಹಳ ಕಾಳಜಿಯ ಮನುಷ್ಯ. ಯಂತ್ರಕ್ಕೆ ತಲೆ ಕೊಡುವ ಮುಂಚೆ ಉಳಿಸಬೇಕಾದದ್ದನ್ನೆಲ್ಲ ಗುರುತು ಹಾಕಿಕೊಳ್ಳುವುದು ಅವರ ಪದ್ಧತಿ. ದಾವಲ್‌ಗೆ ರೊಟ್ಟಿ ಮುರಿದು ತಿನ್ನಲು ಹೇಳಿದರು, ಅಂಗಿಯ ಗುಂಡಿ ಹಾಕಿಸಿದರು, ಹೆಸರು ಬರೆಸಿದರು, ನಮಾಜಿಗೆ ಮುಂಚಿನ ಹಾಗೆ ಕೈಕಾಲು ತೊಳೆಸಿದರು. ಒಂದೊಂದಕ್ಕೂ ಪರದೆಯ ಮೇಲೆ ಒಂದೊಂದು ಕಡೆ ಬೆಳಕಾಯಿತು. ಅದರ ಸುತ್ತ ಬೇಲಿಯ ಹಾಗೆ ಗೆರೆ ಬಿತ್ತು. ಯಂತ್ರ ಆ ಗೆರೆಯೊಳಗೆ ಕಾಲಿಡುವಂತಿಲ್ಲ. ಮಾತಿಗೂ ಬೇಲಿ ಬಿತ್ತು: ಕನ್ನಡ ಆಡಿಸಿದರು, ಉರ್ದು ಆಡಿಸಿದರು, ಸ್ವಲ್ಪ ಹಿಂದಿ.

"ಕೈಯಿಂದ ಮಾಡೂದು ಇನ್ನೇನಾರ ಉಳಸಬೇಕೇನು? ನೆನಪು ಮಾಡ್ಕೊಂಡು ಹೇಳಪಾ, ಗಡಿಬಿಡಿ ಇಲ್ಲ," ಎಂದರು.

ದಾವಲ್ ಕಣ್ಣು ಮುಚ್ಚಿ ಯೋಚಿಸಿದ. "ಗಾದಿ ಹೊಲಿಯೂದು ಉಳಸ್ರಿ. ಅಪ್ಪ ಕಲಿಸಿದ್ದು. ಮತ್ತ, ಹೆಂಡತಿ ತಲಿನೋವು ಅಂದಾಗ ಹಣಿ ಒತ್ತತೀನಿ, ಅದನ್ನೂ."

ಉಪಾಧ್ಯೆಯವರು ನಕ್ಕು ಎರಡಕ್ಕೂ ಬೇಲಿ ಹಾಕಿದರು.

ತಾಯಿಯೊಡನೆ ಆಡುವ ಮಾತನ್ನು ಅವನು ಹೇಳಲಿಲ್ಲ. ಮರೆತನೆಂದಲ್ಲ. ಅದು ಕೈಕೆಲಸ ಎಂದು ಅವನಿಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಮಾತು. ಮಾತಿನ ಪರೀಕ್ಷೆ ಆಗಲೇ ಮುಗಿದಿತ್ತು. ಡಾಕ್ಟರ ಲೆಕ್ಕದಲ್ಲಿ ಮಾತೆಂದರೆ ಬಾಯಿಂದ ಬರುವುದು. ಗಾಜಿನ ಆಚೆ ಕೂತಿದ್ದ ನೀಲಾಂಬಿಕಾ ಆ ಕೈಮಾತನ್ನು ಎಷ್ಟು ಸಲ ಕಂಡಿದ್ದಳೋ! ಎಂಥ ಚೆಂದ ಎಂದುಕೊಂಡಿದ್ದಳೇ ಹೊರತು ಅದಕ್ಕೂ ಒಂದು ಬೇಲಿ ಬೇಕೆಂದು ಅವಳಿಗೂ ಹೊಳೆಯಲಿಲ್ಲ. ಕೊನೆಯಲ್ಲಿ ಕ್ಯಾಚರ್‌ನ ಆಟ ಆಡಿಸಿದರು. ಪರದೆಯ ಮೇಲೆ ದೊಡ್ಡದೊಂದು ಭಾಗ, ಹಿಮ್ಮೆದುಳಿನ ತೀರ ಆಳದ ತನಕ, ದೀಪಾವಳಿಯ ಹಾಗೆ ಹೊತ್ತಿಕೊಂಡಿತು.

"ಅಬ್ಬಾ," ಎಂದರು ಉಪಾಧ್ಯೆ. "ಹುಟ್ಟಾ ಕ್ಯಾಚರ್ ಇಂವ!"

ಯಂತ್ರ ಚಾಲೂ ಆಯಿತು.

ದಾವಲ್ ಮನೆಗೆ ಬಂದಾಗ ನೀಲಾಂಬಿಕಾಳೂ ಜೊತೆಗಿದ್ದಳು. ಅವನಿಗೆ ತಲೆ ಸ್ವಲ್ಪ ಭಾರ, ಅಷ್ಟೇ. ಓಣಿಯವರು ಬಾಗಿಲಿಗೆ ಬಂದು ನಗುತ್ತ ಮಾತಾಡಿಸಿದರು. ಹುಸೇನಬಿ ಹೊಸ್ತಿಲಲ್ಲೇ ನಿಂತಿದ್ದಳು. ಕೈ ಬಾಯಿಗೆ ಒಯ್ದಳು, ಮಣಿಕಟ್ಟು ಹೊರಳಿಸಿದಳು, ತೊಡೆ ತಟ್ಟಿದಳು.

ದಾವಲ್ ಆ ಕೈಯನ್ನು ನೋಡುತ್ತ ನಿಂತ.

ಅವಳು ಮತ್ತೆ ಕೇಳಿದಳು. ಅವನ ತುಟಿಯ ಮೇಲೆ ನಗು ಹಾಗೇ ಉಳಿದಿತ್ತು, ಕಣ್ಣಲ್ಲಿ ಇರಲಿಲ್ಲ. ಅವನು ಕೈ ಎತ್ತಿದ. ಎತ್ತಿದ ಕೈ ಗಾಳಿಯಲ್ಲಿ ನಿಂತಿತು. ಎಲ್ಲಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ.

"ನಸೀಮಾ," ಎಂದ, ತೀರ ಸಣ್ಣ ದನಿಯಲ್ಲಿ. "ಅವ್ವ ಏನ್ ಅನ್ನಾಕತ್ಯಾಳ?"

ನಸೀಮಾ ತಮಾಷೆ ಎಂದುಕೊಂಡಳು. "ಉಂಡ್ಯಾ ಅಂತಾಳ. ಇಷ್ಟು ನನಗೂ ತಿಳೀತೈತಿ, ನಿಮಗ ತಿಳೀಲಿಲ್ಲೇನು?" ಎಂದು ನಕ್ಕು, ಗಂಡನ ಮುಖ ನೋಡಿ ನಗು ನಿಲ್ಲಿಸಿದಳು.

ಮರುದಿನವೇ ನೀಲಾಂಬಿಕಾ ಉಪಾಧ್ಯೆಯವರ ಮುಂದೆ ಕೂತಿದ್ದಳು. ಆ ಮನುಷ್ಯ ಪರದೆಯ ಮೇಲಿನ ನಕ್ಷೆಯನ್ನು ಮುಂದೆ ಹಿಂದೆ ಓಡಿಸಿ ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಳಕ್ಕಿದ್ದದ್ದು ಅದ ನೋಡ್ರಿ. ತಾಯಿ ಜೋಡಿ ಮಾತು. ಅದರ ಮ್ಯಾಲ ಆಟ ಬೆಳದೈತಿ. ಅರ್ಥ ಇಂವನ ತಲಿಯಾಗ ಬ್ಯಾರೆ ಕಡೆ ಐತಿ, ಆದ್ರ ಅಲ್ಲಿಗೆ ಹೋಗೂ ದಾರಿ ಆ ಕೈರೂಢಿನ ಆಗಿತ್ತು. ನಾನು ಬರೇ ಆಟ ಅಂತ ತಿಳಿದು ಬೇರು ಸಮೇತ ಎತ್ತಿಬಿಟ್ಟೆ."

"ಮತ್ತ ಕಲೀಬಹುದಲ್ರಿ? ತಾಯಿ ಅದಾಳ, ಕಲಸ್ತಾಳ."

"ಬ್ಯಾರೆ ಕೆಲಸ ಕಲೀಬಹುದು, ಯಾವ ಕೈಮಾತೂ ಅಲ್ಲ. ಬಿಚ್ಚಿದ ಜಾಗದಾಗ ಅದ ಹೆಣಿಗಿ ಮತ್ತ ಕೂಡಂಗಿಲ್ಲ. ಹಗಲೆಲ್ಲ ಕಲಿತರೂ ಒಂದು ನಿದ್ದಿ ಆತಂದ್ರ ಹೋಗಿರ್ತೈತಿ."

"ಮಂಗಳೂರಿಂದ ತಿರುಗಿ ತಂದ್ರ?"

"ಆ ಹುಡುಗನ ಹೆಣಿಗಿನೂ ಬಿಚ್ಚತೈತಿ, ಇಂವಗೂ ಕೂಡಂಗಿಲ್ಲ. ಇಬ್ರಿಗೂ ಇಲ್ಲದಂಗ ಆಗ್ತೈತಿ ಅಕ್ಕಾ." ಅವರು ಎಂದೂ ಅವಳನ್ನು ಅಕ್ಕಾ ಎಂದವರಲ್ಲ. ಎದ್ದು ಹೋಗಿ ತಾವೇ ಅವಳಿಗೆ ನೀರು ತಂದುಕೊಟ್ಟರು.

ಹೊರಗೆ ಅವಳ ವಿನಿಮಯವನ್ನು ಎಲ್ಲರೂ ಹೊಗಳುತ್ತಿದ್ದರು. ಮಂಗಳೂರಿನಿಂದ ಬಂದ ಹುಡುಗರಿಬ್ಬರೂ ಬೆಂಕಿಯ ಹಾಗೆ ಎಸೆಯುತ್ತಿದ್ದರು. ಮೈದಾನಕ್ಕೆ ಜನ ಮರಳಿದರು. ಬೈಗುಳವೂ ಮರಳಿತು. "ಹೊಡ್ಯೋ ಲೇ, ಉಂಡಿಲ್ಲೇನೋ!" ಎಂಬ ಕೂಗು ಕೇಳಿ ತಂಡದ ಹಿರಿಯರು ಕಣ್ಣೊರೆಸಿಕೊಂಡರು. ಎಳೆಯರನ್ನು ನೋಡಿಕೊಳ್ಳುವ ಕೆಲಸ ದಾವಲ್‌ಗೆ ಸಿಕ್ಕಿತ್ತು. ಅವನು ಒಂದು ಮೂಲೆಯಲ್ಲಿ ನಿಂತು, ಹುಡುಗರಿಗೆ ನೀರು ಕೊಡುತ್ತಿದ್ದ, ಬೆನ್ನು ತಟ್ಟುತ್ತಿದ್ದ. ಹಳೆಯ ಪಿಚರ್ ಒಬ್ಬ ಅಭ್ಯಾಸಬಲದಿಂದ ಅವನ ಕಡೆ "ಬೆಕ್ಕು ಬಂತು" ಎಂದು ಬೆರಳಾಡಿಸಿ, ತಟ್ಟನೆ ನೆನಪಾಗಿ ಆ ಕೈಯಿಂದ ತಲೆ ಕೆರೆದುಕೊಂಡದ್ದನ್ನು ನೀಲಾಂಬಿಕಾ ಕಂಡಳು. ದಾವಲ್ ಕಂಡೂ ಕಾಣದವನ ಹಾಗೆ ಬುಟ್ಟಿಯ ಚೆಂಡು ಎಣಿಸತೊಡಗಿದ.

ಮನೆಯಲ್ಲಿ ಅವನು ಕಲಿಯುತ್ತಿದ್ದ. ಬೆಳಗ್ಗೆ ಎದ್ದ ಕೂಡಲೇ ತಾಯಿಯ ಮುಂದೆ ಕೂರುವುದು. ಅವಳು ಚಹಾದ ಬಟ್ಟಲು ತೋರಿಸಿ ಅದರ ಕೈಮಾತು ಆಡುವುದು, ಅವನು ಹಾಗೆಯೇ ಮಾಡುವುದು. ನೀರು, ಸೂಜಿ, ಮಳೆ, ನಸೀಮಾ. ಸಂಜೆಯ ಹೊತ್ತಿಗೆ ಹತ್ತಾರು ಮಾತು ಸೇರುತ್ತಿದ್ದವು. ಹುಸೇನಬಿ ಅವನ ಗಲ್ಲ ಹಿಡಿದು ಅಲ್ಲಾಡಿಸುತ್ತಿದ್ದಳು. ಮರುದಿನ ಬೆಳಗ್ಗೆ ಅವಳು ಬಟ್ಟಲು ಎತ್ತಿದರೆ ಅವನು ಬರಿದೇ ನೋಡುತ್ತಿದ್ದ. ಯಾಕೆ ಹೀಗೆ ಎಂದು ಅವಳಿಗೆ ತಿಳಿಹೇಳಲು ಮನೆಯಲ್ಲಿ ಯಾರಿಗೂ ಮಾತು ಇರಲಿಲ್ಲ. ಯಂತ್ರ, ಮೆದುಳು, ವಿನಿಮಯ, ಇದನ್ನೆಲ್ಲ ನಸೀಮಾ ಉಪ್ಪು ಎಣ್ಣೆಯ ಮಾತಿನಲ್ಲಿ ಹೇಗೆ ಹೇಳಬೇಕು? ಮಗ ತನ್ನ ಮೇಲೆ ಸಿಟ್ಟಾಗಿದ್ದಾನೆಂದೇ ಮುದುಕಿ ಮೊದಮೊದಲು ತಿಳಿದಳಂತೆ. ಅವನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಮಾಡಿ ಇಟ್ಟಳಂತೆ. "ನೋಡಾಕ ಆಗವಲ್ದು ಅಕ್ಕಾರ," ಎಂದು ನಸೀಮಾ ಅತ್ತಳು. "ತಪ್ಪಾತು ಅಂತ ಮಗನ ಮುಂದ ಕಿವಿ ಹಿಡ್ಕೋತಾಳ."

ಮಂಗಳೂರು ಕಪ್ ಗೆದ್ದಿತು. ಆ ಪಂದ್ಯವನ್ನು ನೀಲಾಂಬಿಕಾ ಕಚೇರಿಯ ಪರದೆಯಲ್ಲಿ ಒಬ್ಬಳೇ ನೋಡಿದಳು. ಜೋಯ್ಸನ್ ಕ್ರಾಸ್ತಾ ಎಂಬ ಆ ಹುಡುಗ ಕೂತರೆ ದಾವಲ್‌ನೇ ಕೂತ ಹಾಗಿತ್ತು. ಆಟಕ್ಕೆ ಬೇಕಾದ ಹತ್ತಾರು ಸನ್ನೆಗಳನ್ನು ಅಲ್ಲಿನ ಪಿಚರುಗಳು ಕಲಿತುಕೊಂಡಿದ್ದರು. ಎಲ್ಲ ಮುಗಿದು ತಂಡದವರು ಕುಣಿಯುತ್ತಿರುವಾಗ ಅವನು ಬೆಂಚಿನ ತುದಿಯಲ್ಲಿ ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದ. ಅವನ ಮಡಿಲಲ್ಲಿ ಕೈಗಳು ಸುಮ್ಮನಿರಲಿಲ್ಲ. ಬೆರಳು ಕೂಡಿ ಬಾಯಿಯತ್ತ ಎದ್ದವು, ಮಣಿಕಟ್ಟು ಹೊರಳಿತು, ಅಂಗೈ ತೊಡೆ ತಟ್ಟಿತು. ಆಮೇಲೆ ಇನ್ನೇನೇನೋ, ನಿಲ್ಲದೆ, ಉದ್ದಕ್ಕೆ.

ಅವಳು ರೈಗಳಿಗೆ ಫೋನು ಮಾಡಿ ಎಲ್ಲ ಹೇಳಿದಳು. ಬಳಿಕ ರೈ, "ಹುಡುಗನನ್ನು ಕಳಿಸ್ತೇನೆ ಮೇಡಂ. ಇದು ಒಪ್ಪಂದದ್ದಲ್ಲ, ನಾನು ಕಳಿಸುವುದು," ಎಂದರು.

ಜೋಯ್ಸನ್ ಬಂದ. ಕೈಯಲ್ಲಿ ತಾಯಿ ಕಟ್ಟಿಕೊಟ್ಟ ಬಾಳೆಹಣ್ಣಿನ ಹಲ್ವದ ಡಬ್ಬಿ. ಹಳೇ ಹುಬ್ಬಳ್ಳಿಯ ದಾರಿಯಲ್ಲಿ ಅವನು, "ನನಗೆ ಹೆದರಿಕೆ ಆಗ್ತದೆ ಮೇಡಂ," ಎಂದ. "ಸುಮ್ನೆ ಕೂತ್ರೆ ಕೈ ಯಾರದ್ದೋ ಹತ್ರ ಮಾತಾಡ್ತದೆ. ಅಮ್ಮ ಪಾದ್ರಿಗಳ ಹತ್ರ ಕರ್ಕೊಂಡು ಹೋದ್ರು. ಅವ್ರು ಪ್ರಾರ್ಥನೆ ಮಾಡುವಾಗ್ಲೂ ನಿಲ್ಲಲಿಲ್ಲ."

"ನಿನ್ನಿಂದ ಒಬ್ಬ ತಾಯಿಗೆ ಭಾಳ ಉಪಕಾರ ಆಗಬಹುದಪ್ಪ," ಎಂದಳು ನೀಲಾಂಬಿಕಾ. ಅವಳೊಳಗೆ ಆಸೆ ಹುಟ್ಟಿತ್ತು. ಕೈಮಾತು ಈ ಹುಡುಗನಲ್ಲಿದೆ, ಮುದುಕಿಗೆ ಇವನ ಮೂಲಕ ಎಲ್ಲ ಹೇಳಬಹುದು, ಮಗನ ಮನಸ್ಸು ಇವನ ಕೈಯಿಂದಾದರೂ ತಲುಪಬಹುದು. ಅಷ್ಟಾದರೂ ಆಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ಅವನನ್ನು ಹುಸೇನಬಿಯ ಎದುರು ಕೂರಿಸಿದರು. ದಾವಲ್ ಕಂಬಕ್ಕೆ ಒರಗಿ ನಿಂತ. ಅಪರಿಚಿತ ಹುಡುಗನನ್ನು ನೋಡಿ ಮುದುಕಿ ಸೆರಗು ಸರಿಮಾಡಿಕೊಂಡು, ಹುಡುಗ ದಣಿದಿದ್ದಾನೆಂದು ನೀರು ತರಲು ಏಳಹೋದಳು. ಆಗ ಅವನ ಕೈ ಎದ್ದು ಏನೋ ಹೇಳಿತು.

ಹುಸೇನಬಿ ಅಲ್ಲೇ ಕುಸಿದು ಕೂತಳು. ಒಂದು ಗಳಿಗೆ ನೋಡಿದಳು. ಆಮೇಲೆ ಅವಳ ಕೈಗಳು ಕಟ್ಟೆಯೊಡೆದ ಹಾಗೆ ಹರಿದವು. ತಿಂಗಳುಗಟ್ಟಲೆ ಮಾತಿಲ್ಲದೆ ಕೂತ ಹೆಂಗಸು! ಹುಡುಗನ ಕೈಗಳು ಸಲೀಸಾಗಿ ಉತ್ತರ ಕೊಟ್ಟವು. ಅವಳು ನಕ್ಕಳು, ಗಲ್ಲದ ಮೇಲೆ ನೀರು ಇಳಿಯಿತು, ಮತ್ತೆ ಕೇಳಿದಳು, ಮತ್ತೆ ಉತ್ತರ ಬಂತು. ನಸೀಮಾ ಪಕ್ಕದಲ್ಲಿ ಕೂತು ಸಿಕ್ಕಷ್ಟನ್ನು ಹೆಕ್ಕಿ ಹೇಳುತ್ತಿದ್ದಳು: "ಉಂಡ್ಯಾ ಅಂತಾಳ... ಉಂಡೀನಿ ಅಂತಾನ... ಮುಂದಿಂದು ನನಗ ತಿಳೀವಲ್ದು."

"ನಾನು ಎಂತ ಹೇಳ್ತಾ ಇದ್ದೇನೆ?" ಎಂದು ಜೋಯ್ಸನ್ ಸುತ್ತಲೂ ನೋಡಿದ. "ಯಾರಾದ್ರೂ ಹೇಳಿ, ನಾನು ಎಂತ ಹೇಳಿದೆ?"

ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಹುಸೇನಬಿ ನಿಧಾನಿಸಿದಳು. ದಾವಲ್‌ನನ್ನು ತೋರಿಸಿದಳು. ಎರಡೂ ಅಂಗೈ ಎದೆಯಿಂದ ಮುಂದಕ್ಕೆ ತಂದು ಬಿಡಿಸಿಟ್ಟಳು. ಅದನ್ನು ತಿಳಿಯಲು ಯಾವ ಭಾಷೆಯೂ ಬೇಕಿರಲಿಲ್ಲ: ನನ್ನ ಮಗನಿಗೆ ಏನಾಗಿದೆ?

ಹುಡುಗನ ಕೈ ಎದ್ದಿತು. "ಉಂಡೀನಿ," ಎಂದಿತು. ನಸೀಮಾ ಅದನ್ನು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. ಮುದುಕಿ ಮತ್ತೆ ಕೇಳಿದಳು. ಕೈ ಮತ್ತೆ ಅದನ್ನೇ ಹೇಳಿತು, ಅದೇ ಸಲೀಸಿನಿಂದ, ಅದೇ ತಿರುವಿನಿಂದ. ಎಷ್ಟೋ ವರ್ಷ ಎಷ್ಟೋ ಸಲ ಆಡಿದ ಮಾತುಗಳು ಆ ಬೆರಳುಗಳಲ್ಲಿ ರೂಢಿಯಾಗಿ ಕೂತಿದ್ದವು. ಹೊಸದೊಂದನ್ನು ಕೇಳಿದರೆ ಉತ್ತರಿಸಲು ಅವುಗಳ ಹಿಂದೆ ಯಾರೂ ಇರಲಿಲ್ಲ.

ಹುಸೇನಬಿ ಆಗ ಮೊದಲ ಬಾರಿಗೆ ಹುಡುಗನ ಕೈಗಳಿಂದ ಕಣ್ಣೆತ್ತಿ ಅವನ ಮುಖ ನೋಡಿದಳು. ಅವನು ತನ್ನ ಕೈಗಳನ್ನು ತಾನೇ ನೋಡುತ್ತ, ಹಾವು ಕಂಡ ಮಗುವಿನ ಹಾಗೆ ಬಿಳುಚಿದ್ದ. ಅವಳು ಮುಂದೆ ಬಾಗಿ ಆ ಎರಡೂ ಕೈಗಳನ್ನು ಹಿಡಿದುಕೊಂಡಳು. ಅವು ನಿಲ್ಲುವ ತನಕ ಹಿಡಿದಳು. ಮಲಗಿದ ಕೂಸನ್ನು ಇಳಿಸುವ ಹಾಗೆ ಅವನ ತೊಡೆಯ ಮೇಲೆ ಇಳಿಸಿ, ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು.

ಬಳಿಕ ಮಗನ ಕಡೆ ತಿರುಗಿದಳು.

ದಾವಲ್ ಬಂದು ತಾಯಿಯ ಮುಂದೆ ಕೂತ. ಕೈ ಎತ್ತಿದ. ಆ ದಿನ ಬೆಳಗ್ಗೆ ಕಲಿತದ್ದೋ, ತಾನೇ ಹುಟ್ಟಿಸಿದ್ದೋ, ಬೆರಳುಗಳನ್ನು ಹೀಗೂ ಹಾಗೂ ಮಡಚಿದ, ಬಿಚ್ಚಿದ, ಎದೆ ಮುಟ್ಟಿಕೊಂಡ, ಮತ್ತೆ ಮಡಚಿದ. ಹುಸೇನಬಿ ಅದನ್ನು ಕೊನೆಯ ತನಕ ನೋಡಿದಳು. ಆಮೇಲೆ ನಕ್ಕು, ಎಲ್ಲ ತಿಳಿಯಿತೆಂಬಂತೆ ತಲೆಯಾಡಿಸಿದಳು.

ದಾವಲ್ ನೀಲಾಂಬಿಕಾಳ ಕಡೆ ನೋಡಿದ. "ನಾ ಏನಂದೆ ಅಂತ ನನಗ ಗೊತ್ತಿಲ್ಲ ಅಕ್ಕಾರ," ಎಂದ. "ಅವ್ವಗ ತಿಳೀತಂತ ನೋಡ್ರಿ."

ಹುಸೇನಬಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಕೈ ಆಡಿದಾಗಲೆಲ್ಲ ಮಗನ ಮುಖ ಹಿಂಡಿದ ಹಾಗೆ ಆಗುತ್ತಿತ್ತು. ಅದನ್ನು ಅವಳು ಕಂಡಿರಬೇಕು. ಆ ಹೊತ್ತಿನಿಂದ ಅವಳು ಕೈಗಳನ್ನು ಹೊರಗೆ ತೆಗೆಯಲಿಲ್ಲ. ನಸೀಮಾ ಹಲ್ವ ತಂದಿಟ್ಟರೂ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಕಡೆ ಹೊರಳಿ ಕೂತಳು.

ಹೊರಡುವ ಹೊತ್ತಾಯಿತು. ಜೋಯ್ಸನ್ ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಳಗೆ ತಿರುಗಿ ನೋಡಿದ. ಅವನ ಬಲಗೈ ತಾನಾಗಿ ಮೇಲೆದ್ದಿತು. ಬೆರಳುಗಳು ಬಿಚ್ಚಿದವು, ಕೂಡಿದವು, ಮೆಲ್ಲಗೆ ತಿರುಗಿದವು. ಈ ತನಕ ಅವರಲ್ಲಿ ಯಾರೂ ಕಾಣದ ಯಾವುದೋ ಮಾತು. ಬಹುಶಃ ದಾವಲ್ ಚಿಕ್ಕವನಿದ್ದಾಗಿನದು. ಬಹಳ ಉದ್ದದ ಮಾತು. ನೀಲಾಂಬಿಕಾ ನೋಡಿದಳು, ನಸೀಮಾ ನೋಡಿದಳು, ದಾವಲ್ ನೋಡಿದ. ಅದರ ಅರ್ಥ ಬಲ್ಲವಳು ಆ ಮನೆಯಲ್ಲಿ ಒಬ್ಬಳೇ ಇದ್ದಳು. ಅವಳು ಗೋಡೆಗೆ ಮುಖ ಮಾಡಿ ಕೂತಿದ್ದಳು, ಕರೆದರೆ ಕೇಳುವಂತಿರಲಿಲ್ಲ.